ಬಾಯಿಂದ ಹಾಕಿದ ಕೊಂಡಿ

ನಮ್ಮ ಕಾಕಾ ಗುಡ್ಡದ ಹೊಲದಿಂದ ಟ್ರ್ಯಾಕ್ಟರ್ ಇಳಿಸುವುದನ್ನು ನಾನು ನೂರು ಸಲವಾದರೂ ಮಾಡಿ ತೋರಿಸಿದ್ದೇನೆ. ಟ್ರ್ಯಾಕ್ಟರ್ ಇಲ್ಲದೆ. ಡೋಣಿ ಊರಿನ ಚಹಾದಂಗಡಿ ಮುಂದೆ, ಮದುವೆ ಮನೆಗಳಲ್ಲಿ, ಒಮ್ಮೆ ಮುಂಡರಗಿ ಬಸ್ಸಿನಲ್ಲಿ ಜೋತುಬಿದ್ದುಕೊಂಡೇ. ಯಾರ ದನಿಯಾದರೂ ನನಗೆ ಬರುತ್ತದೆ ಎಂಬ ಜಂಬ. ಮಾಗಡಿ ಕೆರೆಯ ದಂಡೆಯಲ್ಲಿ ನಿಂತು ಅಲ್ಲಿನ ಹಕ್ಕಿಗಳ ಹಾಗೆ ಕೂಗಿದಾಗ ಅವು ಉತ್ತರ ಕೊಡದೆ ಎದ್ದು ಹಾರಿಹೋದವು. ಆ ಸಂಗತಿ ಮಾತ್ರ ನಾನು ಸಾಮಾನ್ಯವಾಗಿ ಹೇಳುವುದಿಲ್ಲ.

ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ಕಾಕಾನ ಪಾತ್ರವನ್ನೇ. ಇಳಿಜಾರು ಶುರುವಾಗುವ ಮುಂಚೆ ಕಾಕಾ ಗಾಡಿ ನಿಲ್ಲಿಸಿ, ಪೂಜೆಗೆ ಹೊರಟವನ ಗಾಂಭೀರ್ಯದಿಂದ ಕೆಳಗಿಳಿಯುತ್ತಾನೆ. ಎರಡು ಸಲ ಕೆಮ್ಮುತ್ತಾನೆ. ಆಮೇಲೆ ಬಗ್ಗಿ ಬ್ರೇಕಿಗೆ ಕೊಂಡಿ ಹಾಕುತ್ತಾನೆ. ಟ್ರ್ಯಾಕ್ಟರಿಗೆ ಬ್ರೇಕಿನ ಪೆಡಲ್ ಎರಡಿರುತ್ತವೆ, ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು. ಹೊಲದ ಮೂಲೆಯಲ್ಲಿ ಗಿರಕ್ಕನೆ ತಿರುಗಿಸಲು ಅವನ್ನು ಬಿಡಿಬಿಡಿಯಾಗಿ ತುಳಿಯಬೇಕು. ದಾರಿಗಿಳಿಯುವ ಮುಂಚೆ ಎರಡನ್ನೂ ಕಬ್ಬಿಣದ ಕೊಂಡಿಯಿಂದ ಕೂಡಿಸಬೇಕು. ಕಾಕಾ ಕೂಡಿಸಿ ಸುಮ್ಮನಾಗುವುದಿಲ್ಲ. ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು ಅದರ ಮೇಲೆ ಎರಡು ಸಲ ಬಡಿಯುತ್ತಾನೆ: ಟಕ್, ಟಕ್. ಬಳಿಕ ಹೇರಿನ ಮೇಲೆ ಕೂತವರ ಕಡೆ ತಿರುಗಿ, ‘ಇಳೀರಿ, ಇಳೀರಿ! ದೇವ್ರು ಕಾಲು ಕೊಟ್ಟಾನ, ನಡೀರಿ!’

ಕೊನೆಗೆ ಮೊದಲನೇ ಗೇರು. ‘ಏರೂಮುಂದ ಯಾವ ಗೇರೋ, ಇಳಿಯೂಮುಂದನೂ ಅದ ಗೇರು’ ಎನ್ನುವುದು ಕಾಕಾನ ಕಾನೂನು. ಆ ವೇಗಕ್ಕೆ ಮೇಯುತ್ತ ಹೋಗುವ ಆಡುಗಳೂ ಗಾಡಿಯನ್ನು ಹಿಂದೆ ಹಾಕುತ್ತವೆ. ನಾನು ಆ ಆಡುಗಳ ಪಾತ್ರವನ್ನೂ ಮಾಡುತ್ತಿದ್ದೆ.

ಹೋದ ಸುಗ್ಗಿಯಲ್ಲಿ ಕಾಕಾನ ಮೊಣಕಾಲು ಕೈಕೊಟ್ಟಿತು. ಗುಡ್ಡದ ಹೊಲದಲ್ಲಿ ಜೋಳದ ಕಣಿಕೆ ಬಿದ್ದಿತ್ತು, ದನಗಳ ವರ್ಷದ ಮೇವು.

‘ಒಂದು ಹೇರು ಸುಖರೂಪ ಇಳಿಸಿ ತೋರ್ಸು’ ಎಂದ ಕಾಕಾ. ‘ಇಳಿಸಿದಿ, ಚಾವಿ ನಿಂದು. ಇಲ್ಲಂದ್ರ ಮುಂಡರಗಿಯಿಂದ ಡ್ರೈವರ್‌ನ ಕರಸ್ತೀನಿ.’

ನಮ್ಮ ಗಾಡಿಯಲ್ಲಿ ಇನ್ಯಾರೋ ಕೂತು, ಹಿಂದೆ ಕಣಿಕೆಯ ಮೇಲೆ ನಾನು ಕೂತು ಊರೊಳಗೆ ಬರುವ ಚಿತ್ರ ನೆನೆದೇ ಬೆವರಿದೆ. ಅದನ್ನು ಅಣಕಿಸದೆ ಬಿಡುವವರುಂಟೇ? ನಾನಂತೂ ಬಿಡುತ್ತಿರಲಿಲ್ಲ.

ಆ ದಿನ ಕಾಕಾ ಇಳಿಜಾರಿನ ಬುಡದಲ್ಲಿ ಬೇವಿನ ಗಿಡದ ನೆರಳಿಗೆ ಕೂತ. ಮೇಲೆ ನಾನು ಮತ್ತು ಕೆಲಸಕ್ಕೆ ಬಂದ ಆರು ಹೆಣ್ಣುಮಕ್ಕಳು ಸೇರಿ ಟ್ರೇಲರಿಗೆ ಕಣಿಕೆ ಹೇರಿ ಹಗ್ಗ ಬಿಗಿದೆವು. ಅವರ ಮುಂದಾಳು ಒಬ್ಬ ಆಯಿ, ಎಲ್ಲರಿಗಿಂತ ಹಿರಿಯಳು. ಅವಳ ನಾಲಿಗೆಗೆ ನಾನೂ ಅಂಜುತ್ತೇನೆ.

‘ಲೇ ತಮ್ಮಾ, ನಿಮ್ಮ ಕಾಕಾ ಇಲ್ಲದ ಹೊಲಾ ಭಣಭಣ ಅನ್ನಾಕತ್ತೇತಿ’ ಎಂದಳು ಆಯಿ. ‘ಒಂದೀಟು ಕಾಕಾ ಆಗು ನೋಡೂಣು.’

ಹೇಳಬೇಕೇ? ಗಾಂಭೀರ್ಯದಿಂದ ಕೆಳಗಿಳಿದೆ. ಎರಡು ಸಲ ಕೆಮ್ಮಿದೆ. ಸೊಂಟ ಹಿಡಿದು ಬಗ್ಗಿದೆ, ಪೆಡಲುಗಳ ಹತ್ತಿರ ಕೈ ಆಡಿಸಿದೆ, ನಾಲಿಗೆಯಿಂದ ಟಕ್, ಟಕ್ ಅನ್ನಿಸಿದೆ. ‘ಇಳೀರಿ, ಇಳೀರಿ!’ ಎಂದು ಗದರಿದಾಗ ಆಗಲೇ ಹೇರು ಹತ್ತಿ ಕೂತಿದ್ದ ಇಬ್ಬರು ನಗುತ್ತ ಜಾರಿ ಇಳಿದರು. ‘ಥೇಟ್ ಕಾಕಾ!’ ಎಂದು ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಗುಂಗಿನಲ್ಲೇ ಏರಿ ಕೂತು ಮೊದಲನೇ ಗೇರು ಹಾಕಿದೆ.

ಅರ್ಧ ಇಳಿಜಾರಿನವರೆಗೆ ನನ್ನಂಥ ಡ್ರೈವರ್ ಇರಲಿಲ್ಲ. ಆಗ ಒಂದು ಆಡಿನ ಮರಿ ಅಡ್ಡ ಬಂತು. ಬ್ರೇಕ್ ತುಳಿದೆ. ಕಾಲು ಬಿದ್ದದ್ದು ಎಡಗಡೆಯ ಪೆಡಲ್ ಮೇಲೆ ಮಾತ್ರ. ಎಡಚಕ್ರ ಹಿಡಿಯಿತು, ಬಲಚಕ್ರ ಉರುಳುತ್ತಲೇ ಇತ್ತು, ಗಾಡಿಯ ಮೂತಿ ಎಡಕ್ಕೆ, ಹಳ್ಳದ ಕಡೆಗೆ ಹೊರಳಿತು. ಹಿಂದಿನಿಂದ ಹೇರು ದೂಡಿತು. ಮುಂದಿನ ಚಕ್ರ ಒಡ್ಡಿನ ಕಲ್ಲಿಗೆ ಏರಿ ಸಿಕ್ಕಿಕೊಂಡಿತು, ಎಂಜಿನ್ ಬಂದ್ ಆಯಿತು. ಅರ್ಧ ಕಣಿಕೆ ಸರ್ರನೆ ಹಳ್ಳಕ್ಕೆ ಜಾರಿತು. ನಾನು ಇಳಿಸುವ ಮುಂಚೆ ಆ ಇಬ್ಬರು ಕೂತಿದ್ದದ್ದು ಅದೇ ಭಾಗದ ಮೇಲೆ. ಇಷ್ಟರ ನಡುವೆ ಯಾರೋ ‘ಅಯ್ಯಯ್ಯಪ್ಪೋ ಕಾಕಾ!’ ಎಂದು ಕಿರುಚಿದ್ದು ಕೇಳಿಸಿತು. ಯಾರ ದನಿಯೆಂದು ಗುರುತು ಹತ್ತಲಿಲ್ಲ. ನನ್ನದೇ ಆಗಿತ್ತು.

‘ಹಳ್ಳದ ಕಡೆ ಇಳೀಬ್ಯಾಡ! ಗುಡ್ಡದ ಮಗ್ಗಲಿಂದ ಇಳಿ!’ ಎಂದು ಕೂಗುತ್ತ ಕಾಕಾ ಕುಂಟಿಕೊಂಡೇ ಏರಿ ಬಂದ. ಮೊದಲು ಚಕ್ರಗಳಿಗೆ ಅಡ್ಡ ಕಲ್ಲು ಕೊಡಿಸಿದ. ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಣಿಸಿದ. ಆಮೇಲೆ ಚಾವಿ ಕಿತ್ತು ಜೇಬಿಗಿಟ್ಟುಕೊಂಡು ನನ್ನ ಕಡೆ ತಿರುಗಿದ.

‘ಮ್ಯಾಲೆ ಏನೇನು ಮಾಡಿದಿ, ಮಾಡಿ ತೋರ್ಸು.’

ಮಾಡಿದೆ. ಕಾಕಾನ ಎದುರಿಗೇ ಕಾಕಾ ಆಗುವುದು ಎಂಥ ಕಷ್ಟ! ಕೆಮ್ಮಿದೆ, ಬಗ್ಗಿದೆ, ಟಕ್, ಟಕ್.

‘ನಿಂದ್ರು. ಆ ಸಪ್ಪಳ ಎಲ್ಲಿಂದ ಬಂತು?’

‘ಬಾಯಾಗಿಂದ, ಕಾಕಾ.’

‘ಮತ್ತ ಕೊಂಡಿ?’

ಕೊಂಡಿ ಪೆಡಲ್ ಮಗ್ಗುಲಲ್ಲಿ ಸುಮ್ಮನೆ ಜೋತಾಡುತ್ತಿತ್ತು. ‘ಹಾಕಿದಂಗ ಮಾಡಿದೆ’ ಎಂದೆ.

‘ನಮ್ಮನ್ನರ ಖರೇನ ಇಳಿಸಿದಿ, ಚಲೋ ಆತು’ ಎಂದಳು ಆಯಿ. ‘ನಾವೂ ಇಳಿದಂಗ ಮಾಡಿದ್ರ ಈಗ ಹಳ್ಳದಾಗ ಕಣಿಕಿ ಬುಡಕ ಇರತಿದ್ವಿ.’

ಯಾರೂ ನಗಲಿಲ್ಲ. ಉಳಿದ ಕಣಿಕೆಯನ್ನೂ ಕೆಳಗಿಳಿಸಿ ಟ್ರೇಲರ್ ಖಾಲಿ ಮಾಡಿದೆವು. ಕಾಕಾ ತಾನೇ ಗಾಡಿ ಏರಲು ಹೋದ. ಮೆಟ್ಟಿಲ ಮೇಲೆ ಕಾಲಿಟ್ಟ, ಮೊಣಕಾಲು ಒಲ್ಲೆನೆಂದಿತು. ಮತ್ತೆ ಇಟ್ಟ, ಮತ್ತೆ ತೆಗೆದ. ಕೊನೆಗೆ ಜೇಬಿನಿಂದ ಚಾವಿ ತೆಗೆದು ನನ್ನ ಕೈಗಿಟ್ಟ.

‘ಬಾಯಿ ಮುಚ್ಚಿಕೊಂಡು ಮಾಡು.’

ಕೊಂಡಿ ಹಾಕಿದೆ. ಪಾನಾದಿಂದ ಬಡಿದೆ. ಟಕ್ ಅಲ್ಲ, ಟಣ್ ಎಂದಿತು. ಇಷ್ಟು ವರ್ಷ ನಾನು ಹಾಕುತ್ತಿದ್ದ ಸಪ್ಪಳ ಅದರ ಹತ್ತಿರಕ್ಕೂ ಬಂದಿರಲಿಲ್ಲ, ಚಪ್ಪಾಳೆ ಮಾತ್ರ ದಂಡಿಯಾಗಿ ಬಿದ್ದಿದ್ದವು. ಎರಡನೇ ಸಲ ಬಡಿದು, ಎರಡೂ ಪೆಡಲ್ ಒಟ್ಟಿಗೆ ತುಳಿದು ನೋಡಿ, ಎಲ್ಲರನ್ನೂ ದೂರ ನಿಲ್ಲಿಸಿ ಹಿಂದಕ್ಕೆ ತೆಗೆದೆ. ಗಾಡಿ ದಾರಿಗೆ ಬಂತು. ಮೊದಲನೇ ಗೇರಿನಲ್ಲಿ ಇಳಿಸತೊಡಗಿದೆ.

ಕಾಕಾ ಚಾವಿ ವಾಪಸ್ ಕೇಳಲಿಲ್ಲ. ಹೆಣ್ಣುಮಕ್ಕಳ ಜೊತೆ ಹಿಂದೆ ನಡೆದು ಬರುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ‘ಅಯ್ಯಯ್ಯಪ್ಪೋ ಕಾಕಾ!’ ಎಂಬ ಕೂಗು ಕೇಳಿತು, ಅದರ ಬೆನ್ನಿಗೇ ಆರೂ ಹೆಣ್ಣುಮಕ್ಕಳ ನಗು. ಈ ಸಲ ಕಿರುಚಿದ್ದು ನಾನಲ್ಲ. ಥೇಟ್ ನನ್ನ ದನಿ, ನಡುವೆ ಎರಡು ಸಲ ಕಾಕಾನ ಕೆಮ್ಮು.

ತಿರುಗಿ ನೋಡಬೇಕು ಅನ್ನಿಸಿತು. ಆದರೆ ಕಾಲಡಿಯಲ್ಲಿ ಇಳಿಜಾರಿತ್ತು, ಒಂದು ಆಡು ಆಗಲೇ ನನ್ನನ್ನು ದಾಟಿಕೊಂಡು ಮುಂದೆ ಹೋಗುತ್ತಿತ್ತು.