ಮೇಡಂ ಕಟ್ಟಿದ ಕುಲ

ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದ ಕಾಲದಲ್ಲಿ ಎರಡು ವರ್ಷ ನಾನು ಬೆನ್ಸನ್ ಟೌನಿನ ಒಂದು ಮನೆಯ ಮಹಡಿಯಲ್ಲಿ ಸಮುದ್ರದ ಕೆಸರು ಸೋಸುತ್ತ ಕಳೆದೆ. ಆ ಮನೆ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ ಅವರದು. ನಿವೃತ್ತಿಯಾದ ಮೇಲೂ ಅವರು ಕಿಟಕಿಯ ಪಕ್ಕ ಎರಡು ಸೂಕ್ಷ್ಮದರ್ಶಕಗಳನ್ನಿಟ್ಟುಕೊಂಡು ಐಸೋಪಾಡ್‌ಗಳ ಕೆಲಸ ಬಿಟ್ಟಿರಲಿಲ್ಲ.

ಹೂಕುಂಡ ಎತ್ತಿದರೆ ಅಡಿಯಲ್ಲಿ, ಮುಟ್ಟಿದೊಡನೆ ಗುಂಡಗೆ ಸುರುಟಿಕೊಳ್ಳುವ ಬೂದು ಬಣ್ಣದ ಹುಳ ಇರುತ್ತದಲ್ಲ, ಅದೂ ಐಸೋಪಾಡ್. ನಮ್ಮವು ಅದರ ದೂರದ ನೆಂಟರು. ಬೆಳಕು ತಲುಪದ ಕಡಲಡಿಯಲ್ಲಿ ಬದುಕುವಂಥವು. ಕಣ್ಣಿಲ್ಲ, ಬಣ್ಣವಿಲ್ಲ, ಗಾತ್ರದಲ್ಲಿ ಎಳ್ಳುಕಾಳಿನಷ್ಟು. ಸಂಶೋಧನಾ ಹಡಗುಗಳಲ್ಲಿ ಹೋಗಿ ಬರುತ್ತಿದ್ದ ಹಳೆಯ ಶಿಷ್ಯರು ಕೆಸರನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿ ಮೇಡಂಗೆ ಡಬ್ಬಿಗಟ್ಟಲೆ ಕಳುಹಿಸುತ್ತಿದ್ದರು. ನಾನು ಬೆಳಗ್ಗೆ ಮರ್ಫಿ ಟೌನಿನಿಂದ ಬಸ್ಸು ಹಿಡಿದು ಹೋದರೆ ಬರುತ್ತಿದ್ದದ್ದು ಸಂಜೆಗೇ.

"ದಿನವೆಲ್ಲ ಅಲ್ಲಿ ಏನೇ ಮಾಡ್ತೀಯ?" ಎಂದು ಒಮ್ಮೆ ಅಮ್ಮ ಕೇಳಿದಳು.

"ಯಾವ ಹುಳ ಯಾವ ಕುಲಕ್ಕೆ ಸೇರಿದ್ದು ಅಂತ ನೋಡ್ತೀವಿ."

"ಜನ ಜನರ ಕುಲ ಕೇಳೋದೇ ಸಾಕಾಗಿದೆ. ಇನ್ನು ಹುಳಗಳದ್ದೂ ಕೇಳ್ಬೇಕಾ?" ಎಂದು ಅಮ್ಮ ಒಗ್ಗರಣೆ ಹಾಕಲು ಎದ್ದುಹೋದಳು. ಮಾರನೆಯ ದಿನ ಮೇಡಂಗೆ ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಮೇಡಂ ಸ್ವತಃ ಒಂದು ಕುಲವನ್ನು ಕಟ್ಟಿದವರು. ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲು, ಬಾಲದಲ್ಲಿ ಉದ್ದನೆಯ ಎರಡು ಕವಲುಗಳಿದ್ದ ಕೆಲವು ಪ್ರಾಣಿಗಳನ್ನು ಕಂಡು, ಇವು ಈವರೆಗೆ ಗೊತ್ತಿರುವ ಯಾವ ಕುಲದವೂ ಅಲ್ಲವೆಂದು ಹೊಸ ಹೆಸರಿಟ್ಟಿದ್ದರು. ಆ ಹೆಸರಿನೊಳಗೆ ಅವರ ತಾಯಿಯ ಹೆಸರು ಸೇರಿತ್ತು. ಬೀದಿಯವರ ರವಿಕೆ ಹೊಲಿದು ಮಗಳನ್ನು ಓದಿಸಿದ ತಾಯಿ ಅವರು. ಮೇಡಂಗೆ ಸಿಕ್ಕ ಆ ಪ್ರಾಣಿಗಳೆಲ್ಲ ಗಂಡುಗಳು. ಮೇಡಂ ಕುಲಕ್ಕೆ ಹತ್ತಿರವಾಗಿ ತೋರುವ ಇನ್ನೊಂದು ಕುಲ ಮೊದಲೇ ಪುಸ್ತಕದಲ್ಲಿತ್ತು. ಅದರಲ್ಲಿ ಬರೀ ಹೆಣ್ಣು ಮತ್ತು ಮರಿಗಳು, ಬಾಲ ಮೋಟು. ಮೇಡಂ ಕುಲದ ಹೆಣ್ಣು, ಆ ಹಳೆಯ ಕುಲದ ಗಂಡು, ಎರಡೂ ಯಾರಿಗೂ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಮೇಡಂ ಕೆಳಗೆ ಊಟಕ್ಕೆ ಹೋಗಿದ್ದಾಗ ನನ್ನ ತಟ್ಟೆಗೆ ವಿಚಿತ್ರವಾದ ಪ್ರಾಣಿಯೊಂದು ಬಂತು. ಮುಂದರ್ಧ ಮೋಟು ಬಾಲದ ಕುಲದ್ದು. ಹಿಂದರ್ಧ ಮೇಡಂ ಕುಲದ್ದು, ಉದ್ದನೆಯ ಕವಲಿನ ಸಮೇತ. ಎರಡು ತುಂಡು ಅಂಟಿಕೊಂಡಿರಬೇಕೆಂದು ಸೂಜಿಯಿಂದ ಮೆಲ್ಲಗೆ ತಟ್ಟಿದೆ. ಅಂಟಿಕೊಂಡಿರಲಿಲ್ಲ. ಆಗ ಹೊಳೆಯಿತು. ಐಸೋಪಾಡ್‌ಗಳು ಹಾವಿನ ಹಾಗೆ ಒಮ್ಮೆಗೇ ಪೊರೆ ಬಿಡುವುದಿಲ್ಲ. ಮೊದಲು ಹಿಂದರ್ಧ, ಆಮೇಲೆ ಮುಂದರ್ಧ. ಈ ಮರಿ ಹಿಂದಿನ ಪೊರೆ ಬಿಟ್ಟು, ಮುಂದಿನದು ಬಿಡುವ ಮೊದಲೇ ಬಲೆಗೆ ಬಿದ್ದಿತ್ತು. ಅಂದರೆ ಇವು ಎರಡು ಕುಲಗಳೇ ಅಲ್ಲ. ಮೋಟು ಬಾಲದ ಮರಿಯೇ ಬೆಳೆದು ಉದ್ದ ಬಾಲದ ಗಂಡಾಗುತ್ತಿತ್ತು. ಒಂದಕ್ಕೇ ಎರಡು ಹೆಸರಿದ್ದರೆ ಉಳಿಯುವುದು ಹಳೆಯ ಹೆಸರು, ಮೇಡಂ ಇಟ್ಟದ್ದಲ್ಲ.

ನಾನದನ್ನು ಸಣ್ಣ ಬಾಟಲಿಗೆ ಹಾಕಿ ನನ್ನ ಡ್ರಾಯರಿನಲ್ಲಿ ಮುಚ್ಚಿಟ್ಟೆ. ಮಾರನೆಯ ದಿನ, ಸೂಜಿ ಮೊಂಡಾಗಿದೆಯೆಂದು ಸುಳ್ಳು ಹೇಳಿ ಶಿವಾಜಿನಗರಕ್ಕೆ ಹೋದೆ. ಅಲ್ಲಿ ವಾಚು ರಿಪೇರಿ ಮಾಡುವ ಒಬ್ಬ ಚಾಚಾ ನಮ್ಮ ಸೂಜಿಗಳನ್ನು ಚೂಪು ಮಾಡಿಕೊಡುತ್ತಿದ್ದರು. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, "ಚೆನ್ನಾಗೇ ಇದೆಯಲ್ಲ ಬೇಟಿ. ಇದಕ್ಕಿಂತ ಚೂಪು ಯಾಕೆ? ಸೊಳ್ಳೆಗೆ ಆಪರೇಷನ್ ಮಾಡ್ತೀರಾ?" ಎಂದರು. ನಗಲಾಗಲಿಲ್ಲ. ಮಾರ್ಕೆಟ್ಟಿನ ಸುತ್ತ ಸುಮ್ಮನೆ ಅಲೆದು ವಾಪಸು ಬಂದೆ.

ಐದನೆಯ ದಿನ ತಡೆಯಲಾಗದೆ ಬಾಟಲಿಯನ್ನು ಮೇಡಂ ಮುಂದಿಟ್ಟೆ. ಅವರು ಪ್ರಾಣಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ನೋಡಿದರು. ಕಣ್ಣೆತ್ತದೆಯೇ ಕೇಳಿದರು:

"ಯಾವತ್ತು ಸಿಕ್ತು?"

"ಸೋಮವಾರ, ಮೇಡಂ."

"ಇವತ್ತು ಶುಕ್ರವಾರ. ಯಾಕಮ್ಮ ಹೇಳ್ಲಿಲ್ಲ?"

"ಅದು... ನಿಮ್ಮ ತಾಯಿ ಹೆಸರು..."

ಮೇಡಂ ಬೀರುವಿನಿಂದ ಹಳೆಯ ನೋಟ್‌ಬುಕ್ಕು ತೆಗೆದು ಹಾಳೆ ಮಗುಚುತ್ತ ಹೋದರು. ಒಂದು ಪುಟದಲ್ಲಿ ಉದ್ದ ಕವಲಿನ ಹಿಂದರ್ಧದ ಚಿತ್ರ, ಕೆಳಗೆ "ಮುಂಭಾಗ ಇಲ್ಲ" ಎಂಬ ಟಿಪ್ಪಣಿ. ಮುಂದಿನ ಪುಟದಲ್ಲಿ ಮೋಟು ಬಾಲದ ಕುಲದ ಮುಂದರ್ಧದ ಚಿತ್ರ, "ಹಿಂಭಾಗ ಇಲ್ಲ". ಎರಡಕ್ಕೂ ಒಂದೇ ಡಬ್ಬಿ, ಒಂದೇ ತಾರೀಖು.

"ಒಂದೇ ಪ್ರಾಣಿಯನ್ನ ಎರಡು ಮುರಿದ ಪ್ರಾಣಿ ಅಂದ್ಕೊಂಡುಬಿಟ್ಟೆ," ಎಂದರು. "ಮೂವತ್ತು ವರ್ಷದಿಂದ ಇಲ್ಲೇ ಇತ್ತು ನೋಡು."

ಅವರು ಕೆಳಗೆ ಹೋದರು. ನಲ್ಲಿಯ ನೀರು ತುಂಬ ಹೊತ್ತು ಬೀಳುವ ಸದ್ದು ಕೇಳಿಸಿತು. ಮುಖ ತೊಳೆದುಕೊಂಡು ಮೇಲೆ ಬಂದು ಕುರ್ಚಿ ಎಳೆದುಕೊಂಡರು.

"ಲೇಖನ ಬರಿ. ನಿನ್ನ ಹೆಸರು ಮೊದಲು ಇರ್ಲಿ."

"ಬೇಡ ಮೇಡಂ, ನೀವೇ..."

"ತಪ್ಪು ಮಾಡಿದ್ದು ನಾನು, ಕಂಡುಹಿಡಿದಿದ್ದು ನೀನು. ಇದ್ರಲ್ಲಿ ವಾದ ಮಾಡೋದೇನಿದೆ?"

ಚಿತ್ರಗಳಿಗೇ ಮೂರು ತಿಂಗಳು ಹಿಡಿಯಿತು. ಲೇಖನದಲ್ಲಿ ಹಳೆಯ ಹೆಸರಿನ ಕೆಳಗೆ, ಇನ್ನು ಬಳಕೆಯಲ್ಲಿಲ್ಲದ ಹೆಸರನ್ನು ನಮೂದಿಸುವ ಒಂದು ಸಾಲು ಇರುತ್ತದೆ. ಆ ಸಾಲನ್ನು ನನಗೆ ಬಿಡದೆ ಮೇಡಂ ತಾವೇ ಟೈಪು ಮಾಡಿದರು; ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಪರೀಕ್ಷಿಸಿದರು. "ಅಮ್ಮ ಎಲ್ಲೂ ಹೋಗಲ್ಲ ಕಣೆ. ಮುಂದೆ ಈ ಕುಲವನ್ನ ಸರಿಯಾಗಿ ಪರಿಶೀಲಿಸಿ ಬರೆಯೋರು ಈ ಸಾಲನ್ನೂ ಬರೀಲೇಬೇಕು," ಎಂದರು. ನನಗೆ ಸಮಾಧಾನ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಿಲ್ಲ.

ಲೇಖನ ಅಚ್ಚಾಯಿತು. ಅದರ ಬಲದಿಂದಲೇ ಕೆ.ಆರ್. ಪುರದ ಕಾಲೇಜೊಂದರಲ್ಲಿ ನನಗೆ ಪಾಠ ಮಾಡುವ ಕೆಲಸ ಸಿಕ್ಕಿತು. ಕೈ ನಡುಗಲು ಶುರುವಾಗುವವರೆಗೂ ಮೇಡಂ ಕೆಲಸ ಮಾಡಿದರು. ಅವರು ಹೋಗಿ ಎರಡು ವರ್ಷವಾಗುತ್ತ ಬಂತು.

ಈಗ ನನ್ನ ಬಳಿ ಒಳ್ಳೆಯ ಸೂಕ್ಷ್ಮದರ್ಶಕವಿದೆ, ಪರದೆಯ ಮೇಲೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಆದರೂ ಆ ಮಹಡಿಯ ಮಧ್ಯಾಹ್ನಗಳು ನೆನಪಾಗುತ್ತವೆ: ಸ್ಪಿರಿಟ್ಟಿನ ವಾಸನೆ, ಪಕ್ಕದ ಮನೆಯ ರೇಡಿಯೋ, ಗಂಟೆಗಟ್ಟಲೆ ಮಾತಿಲ್ಲದೆ ಬಗ್ಗಿ ಕುಳಿತ ನಾವಿಬ್ಬರು. ಏನಾದರೂ ಚೆಂದದ್ದು ಕಂಡರೆ ಮೇಡಂ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತಮ್ಮ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡಿಕೊಡುತ್ತಿದ್ದರು.