ದೇವರ ಮಾತು ನಿಲ್ಲಿಸಿದ ಸೊಸೆ

ಒಂದು ಭಾನುವಾರ ಬೆಳಿಗ್ಗೆ ದೇವರ ಮಾತು ನಿಂತುಹೋಯಿತು.

ಬಾಯಿ ಆಡುತ್ತಿತ್ತು. ಕಿರೀಟ ಹೊಳೆಯುತ್ತಿತ್ತು. ಅಭಯಹಸ್ತ ಎತ್ತಿದ್ದು ಎತ್ತಿದಂತೆಯೇ ಇತ್ತು. ಕಾಲಬುಡದಲ್ಲಿ ಭಕ್ತ ಬಿಕ್ಕುತ್ತಿದ್ದ. ಆದರೆ ಸೊಲ್ಲಿಲ್ಲ. ವರ ಏನೆಂದು ಕೊಟ್ಟವನಿಗೆ ಗೊತ್ತು, ತಗೊಂಡವನಿಗೆ ಗೊತ್ತು. ಟೀವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ನಮ್ಮ ಬಿಲ್ಡಿಂಗಿಗೆ ಮಾತ್ರ ಗೊತ್ತಾಗಲಿಲ್ಲ.

“ಹೊಡೀರಿ, ಹೊಡೀರಿ!”

ಮೂರ್ತಿ ಅಂಕಲ್ ಎದ್ದರು. ಟೀವಿಯ ಎಡಗೆನ್ನೆಗೆ ಎರಡು ಬಿಗಿದರು. ದನಿ ಬಂತು. ಅಷ್ಟರಲ್ಲಿ ವರ ಮುಗಿದುಹೋಗಿ ಬರೀ “ತಥಾಸ್ತು” ಕೇಳಿಸಿತು.

“ನೋಡಿದ್ರಾ? ಎಡಗಡೇನೇ ಹೊಡೀಬೇಕು. ಬಲಗಡೆ ಹೊಡೆದ್ರೆ ಕಲರ್ ಹೋಗತ್ತೆ,” ಅಂದರು ಅಂಕಲ್, ಆಪರೇಷನ್ ಮುಗಿಸಿ ಗ್ಲೌಸ್ ಬಿಚ್ಚುವ ಡಾಕ್ಟರರ ಗತ್ತಿನಲ್ಲಿ.

ಯಾರೂ ಅವರನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲ ಮೇಲಿತ್ತು. ಒಂದು ನಿಮಿಷದ ಹಿಂದೆ ಅಲ್ಲಿ ಅವರ ಹೊಸ ಸೊಸೆ ಸುಮಾ ನಿಂತಿದ್ದಳು. ಈಗ ಬಾಗಿಲ ಪರದೆ ಮಾತ್ರ ಅಲ್ಲಾಡುತ್ತಿತ್ತು.

ಟೀವಿ ಕೆಟ್ಟರೆ ಅಡುಗೆಮನೆಯ ಬಾಗಿಲನ್ನು ಯಾಕೆ ನೋಡಬೇಕು? ಒಳ್ಳೆಯ ಪ್ರಶ್ನೆ. ಈ ವಾರದ ಅಂಕಣವೇ ಅದು. (ಹೆಸರು ಬದಲಾಯಿಸಿದ್ದೇನೆ. ಬಾಂಬೆಯ ಆಂಟಾಪ್ ಹಿಲ್‌ನಲ್ಲಿ ಯಾರಿಗಾದರೂ ಗುರುತು ಸಿಕ್ಕಿದರೆ, ಸಿಗಲಿ ಅಂತಲೇ ಬರೆದದ್ದು.)

ಮೂರ್ತಿ ಅಂಕಲ್ ನಮ್ಮ ಎದುರುಮನೆಯವರು. ನಮ್ಮ ಹಾಗೇ ಮೈಸೂರು ಕಡೆಯವರು, ಸರ್ಕಾರಿ ಕ್ವಾರ್ಟರ್ಸು, ಸರ್ಕಾರಿ ನೌಕರಿ. ನಮ್ಮ ಅಂತಸ್ತಿನ ಏಕೈಕ ಕಲರ್ ಟೀವಿ ಅವರದು. ಅವರಿಗೆ ಒಂದು ಕಿವಿ ಸ್ವಲ್ಪ ಮಂದ. ಹಾಗಂತ ಒಪ್ಪುವುದಿಲ್ಲ, “ಟೀವಿಯವರು ಮೆತ್ತಗೆ ಮಾತಾಡ್ತಾರೆ” ಅನ್ನುತ್ತಾರೆ. ಅದಕ್ಕೇ ಟೀವಿ ಕೊಂಡ ದಿನವೇ ಒಂದು ಮರದ ಪೆಟ್ಟಿಗೆಯ ಸ್ಪೀಕರನ್ನು ಅದಕ್ಕೆ ಜೋಡಿಸಿದರು. ಟೀವಿ ಹಾಲಿನ ಆ ತುದಿಗೆ. ಸ್ಪೀಕರು ಈ ತುದಿಯಲ್ಲಿ, ಅವರ ಈಸಿಚೇರಿನ ಪಕ್ಕ. ಇದನ್ನು ಸಿಕ್ಕಿಸಿದರೆ ಟೀವಿಯ ಸ್ವಂತ ಬಾಯಿ ಬಂದ್. ಎಲ್ಲ ಮಾತೂ ಅಂಕಲ್‌ರ ಪೆಟ್ಟಿಗೆಯಿಂದಲೇ ಹೊರಡಬೇಕು. ಜಮಖಾನದಡಿ ವೈರು ಎಳೆದವರೂ ಅವರೇ. “ಮೆಕ್ಯಾನಿಕ್ ಗಿಕ್ಯಾನಿಕ್ ಏನೂ ಬೇಕಾಗ್ಲಿಲ್ಲ, ನಾನೇ ಮಾಡಿದ್ದು,” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಎರಡು ವರ್ಷ ಎಲ್ಲ ಸರಿಯಾಗಿತ್ತು. ಈ ಬೇಸಿಗೆಯಲ್ಲಿ ಮಗ ಪ್ರಕಾಶನ ಮದುವೆಯಾಯಿತು. ಮದುವೆಯ ಹೊಸದರಲ್ಲೇ ದನಿ ಹೋಗಿಬರುವುದಕ್ಕೆ ಶುರುವಾಯಿತು.

ಪೂರ್ತಿ ಕೆಟ್ಟ ವಸ್ತುವಿನಿಂದ ಅಪಾಯವಿಲ್ಲ. ಮನುಷ್ಯ ಅದನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋಗುತ್ತಾನೆ. ಅಪಾಯವಿರುವುದು ತಾನಾಗಿ ಕೆಟ್ಟು ತಾನಾಗಿ ಸರಿಹೋಗುವ ವಸ್ತುವಿನಲ್ಲಿ. ಅದು ಸರಿಹೋಗುವ ಗಳಿಗೆಯಲ್ಲಿ ಯಾರ ಕೈ ಅದರ ಮೇಲಿತ್ತೋ ಅವನು ಪಂಡಿತ. ನಮ್ಮ ದೇಶದ ಅರ್ಧ ಬಾಬಾಗಳು ಬದುಕಿರುವುದು ತಾನಾಗಿ ವಾಸಿಯಾಗುವ ನೆಗಡಿಯ ಮೇಲೆ. ಇನ್ನರ್ಧದ ಬಂಡವಾಳ ಏನೆಂದು ಆ ಟೀವಿ ಮುಂದೆ ಕೂತಾಗ ನನಗೆ ಗೊತ್ತಾಯಿತು.

ಪಂಡಿತರಿಗೇನು ಬರ? ಮೇಲಿನ ಮನೆಯ ಕುಲಕರ್ಣಿಯವರು “ಫ್ರಿಜ್ ಬಂದ್ ಮಾಡ್ರಿ, ಅದು ಕರೆಂಟ್ ಎಳೀತೈತಿ” ಅಂದರು. ಬಂದ್ ಮಾಡಿದರು, ದನಿ ಬಂತು, ಹಾಲು ಒಡೆಯಿತು. ಪಕ್ಕದ ಮನೆಯ ಸಾವಂತ್ ಕಾಕು “ನಜರ್ ಲಾಗ್ಲೀ ಆಹೆ, ದುಸ್ರಂ ಕಾಯ್!” ಎಂದು ದೃಷ್ಟಿ ತೆಗೆಯಲು ಲಿಂಬೆಹಣ್ಣು ಮೆಣಸಿನಕಾಯಿ ತಂದು ಆಂಟೆನಾಕ್ಕೆ ಕಟ್ಟಿದರು. ಅವತ್ತೂ ದನಿ ಬಂತು. (ಚಿತ್ರ ಮಾತ್ರ ಸ್ವಲ್ಪ ಹಸಿರಾಯಿತು. ಅದು ಮೆಣಸಿನಕಾಯಿಯ ಪ್ರಭಾವ ಎಂದು ನಾನು ವಾದಿಸಲಿಲ್ಲ. ಅಷ್ಟು ಮರ್ಯಾದೆ ನನಗಿದೆ.)

ಕೊನೆಗೆ ಘಾಟ್ಕೋಪರಿನ ಮೆಕ್ಯಾನಿಕ್ ಬಂದ. ಟೀವಿಯನ್ನಷ್ಟೇ ಟ್ಯಾಕ್ಸಿಯಲ್ಲಿ ತನ್ನ ಅಂಗಡಿಗೆ ಸಾಗಿಸಿದ. ಅಲ್ಲಿ ಅದು ಹಗಲೆಲ್ಲ ಹಾಡಿತು, ಕುಣಿಯಿತು, ವಾರ್ತೆ ಓದಿತು. ಒಮ್ಮೆಯೂ ತೊದಲಲಿಲ್ಲ. ತಂದು ಕೆಳಗಿಡುತ್ತ ಆ ಮಹಾನುಭಾವ ಅಂದ: “ಸಾಬ್, ಸೆಟ್ ಮೇಂ ಕುಛ್ ನಹೀಂ. ಆಪ್ ಕೇ ಘರ್ ಮೇಂ ಹೀ ಕುಛ್ ಹೋಗಾ.”

ಘರ್ ಮೇಂ ಕುಛ್. ಮನೆಯಲ್ಲೇ ಏನೋ ಇದೆ. ಅವನು ತನ್ನ ಕೈಲಾಗದ್ದನ್ನು ಮನೆಯ ಮೇಲೆ ಹಾಕಿ ಲೋಕಲ್ ಹಿಡಿದು ಹೋದ. ಆ ಮಾತು ಮನೆಯಲ್ಲೇ ಉಳಿಯಿತು.

ಅಂಕಲ್‌ರ ಹೆಂಡತಿ ಕಮಲಾ ಆಂಟಿ ಹೆಪ್ಪಿಗೆ ಮೊಸರು ಕೇಳುವ ನೆವದಲ್ಲಿ ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ ದನಿ ತಗ್ಗಿಸಿದರು.

“ಜಯಾ, ಹೇಳಬಾರದು ಕಣೇ. ಟೀವಿ ಹಳೇದು, ಸ್ಪೀಕರ್ ಹಳೇದು, ನಾವೂ ಹಳಬರು. ಮನೇಲಿ ಹೊಸದು ಏನು ಹೇಳು? ಅವಳು ಬಂದು ನಿಂತಳು ಅಂದ್ರೆ ಸೌಂಡ್ ಹೋಯ್ತು. ಅವಳು ಒಳಗೆ ಹೋದಳು, ಸೌಂಡ್ ಬಂತು. ಕಾಲ್ಗುಣ ಅನ್ನೋದು ಸುಳ್ಳಲ್ಲ.”

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

“ಆಂಟಿ, ಇದು ಕಾಕತಾಳೀಯ.”

“ಹಂಗಂದ್ರೇನಮ್ಮಾ?”

“ಕಾಗೆ ಬಂದು ಕೂತಿತು, ಅದೇ ಹೊತ್ತಿಗೆ ತಾಳೆಹಣ್ಣು ಬಿತ್ತು. ಹಾಗಂತ ಕಾಗೆ ಬೀಳಿಸಿದ್ದಲ್ಲ.”

“ಒಂದ್ಸಲ ಬಿದ್ರೆ ಸರಿ ತಾಯಿ. ಕೂತಾಗೆಲ್ಲಾ ಬಿದ್ರೆ?”

ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ನಮ್ಮ ಶೋಕೇಸಿನಲ್ಲಿವೆ. ಅವುಗಳ ಕಣ್ಣೆದುರೇ ಸೋತೆ. ಕಮಲಾ ಆಂಟಿ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಪ್ರಶ್ನೆ ನೂರಕ್ಕೆ ನೂರು ಸರಿ. ಎರಡು ಸಂಗತಿಗಳು ಯಾವಾಗಲೂ ಜೊತೆಯಾಗಿ ನಡೆಯುತ್ತಿದ್ದರೆ “ಆಕಸ್ಮಿಕ” ಅನ್ನುವುದು ಉತ್ತರವಲ್ಲ, ಸೋಮಾರಿತನ.

“ನಿಂಗ್ಯಾಕೆ ಊರ ಉಸಾಬರಿ?” ಅಂದರು ಅಮ್ಮ, ಆಂಟಿ ಹೋದಮೇಲೆ. “ನಾಳೆ ನಿನಗೂ ಗಂಡು ಹುಡುಕಬೇಕು.”

ಮುಂದಿನ ಭಾನುವಾರ ನಾನು ಧಾರಾವಾಹಿ ನೋಡಲಿಲ್ಲ, ಸುಮಾಳನ್ನು ನೋಡಿದೆ. ಆಂಟಿ ಹೇಳಿದ್ದು ಕಟ್ಟುಕತೆಯಲ್ಲ. ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಸ್ವಲ್ಪ ಹೊತ್ತಿಗೆ ದನಿ ಹೋಯಿತು. ಎಲ್ಲರೂ ತಿರುಗಿ ನೋಡಿದರು. ಅವಳು ಮುಖ ಚಿಕ್ಕದು ಮಾಡಿಕೊಂಡು ಒಳಕ್ಕೆ ಸರಿದಳು. ಅಂಕಲ್ ಎಡಗೆನ್ನೆಗೆ ಬಿಗಿದರು; ದನಿ ಬಂತು. ಪ್ರತಿ ಸಲವೂ ಅಲ್ಲ. ಆದರೆ ಮತ್ತೆ ಮತ್ತೆ.

ಬಾಲ್ಕನಿಯಲ್ಲಿ ಒದ್ದೆ ಬಟ್ಟೆಯ ಜಾಗ ಬದಲಾಯಿಸುತ್ತ ನಿಂತವಳನ್ನು ಆಮೇಲೆ ಹಿಡಿದೆ. ಮಳೆಗಾಲ ಶುರುವಾಗಿತ್ತು, ಯಾವುದೂ ಒಣಗುತ್ತಿರಲಿಲ್ಲ.

“ಏನೇ ಸುಮಾ, ಇವರೆಲ್ಲ ಹೀಗಂತಾರೆ. ನೀನು ಬಿ.ಎಸ್ಸಿ. ಮಾಡಿದೋಳು ತಾನೆ?”

“ಮಾಡಿದೀನಿ ಅಕ್ಕ. ಆದ್ರೆ ನಾನು ಬಂದು ನಿಂತ್ರೆ ಸೌಂಡ್ ಹೋಗತ್ತಲ್ಲ? ನಾನೇ ಎಣಿಸಿ ನೋಡ್ದೆ. ಅವರು ಹೇಳೋದ್ರಲ್ಲಿ ಏನೋ ಇರಬೇಕು.” ಒಂದು ಬಟ್ಟೆ ಕೊಡವುತ್ತ ಕೇಳಿದಳು: “ಆಷಾಢಕ್ಕೆ ತುಮಕೂರಿಗೆ ಕಳಿಸ್ತಾರಂತೆ. ಅದು ಎಲ್ಲರ ಮನೇಲೂ ಇರೋದೇ. ಆದ್ರೆ ಅತ್ತೆ, ಚಳಿಗಾಲದ ಶಾಲೂ ಇಟ್ಕೋ ಅಂದ್ರು. ಆಷಾಢ ಒಂದೇ ತಿಂಗಳಲ್ವಾ ಅಕ್ಕ?”

ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗುವುದು, ಶ್ರಾವಣಕ್ಕೆ ಗಂಡ ಹೋಗಿ ಕರೆತರುವುದು ಪದ್ಧತಿ. ಶ್ರಾವಣಕ್ಕೆ ಶಾಲು ಬೇಡ. ಕಾರ್ತಿಕಕ್ಕೆ ಬೇಕು. ಜೋಯಿಸರಿಗೆ ಜಾತಕ ತೋರಿಸಿ, ಅವರು ಹೂಂ ಅಂದಮೇಲೇ ಕರೆಸುವುದು ಅಂತ ನಿರ್ಧಾರವಾಗಿತ್ತು. ಪ್ರಕಾಶನನ್ನು ಬಸ್ ಸ್ಟಾಪಿನಲ್ಲಿ ಕೇಳಿದೆ. “ಅಮ್ಮನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ,” ಅಂದ. ನಮ್ಮ ಗಂಡಸರು ಅಮ್ಮನ ಸಮಾಧಾನಕ್ಕೆ ಹೆಂಡತಿಯನ್ನು ಖರ್ಚು ಮಾಡುವಷ್ಟು ಧಾರಾಳವಾಗಿ ಇನ್ನಾವುದನ್ನೂ ಖರ್ಚು ಮಾಡುವುದಿಲ್ಲ. ಅಂದಹಾಗೆ ಪ್ರಕಾಶ ಎಂಜಿನಿಯರ್. ಎಲೆಕ್ಟ್ರಿಕಲ್.

ಅದರ ಮುಂದಿನ ಭಾನುವಾರ, ಅವಳ ಪೆಟ್ಟಿಗೆ ಕಟ್ಟಿ ಹಾಲಿನ ಮೂಲೆಯಲ್ಲಿಟ್ಟಿದ್ದ ದಿನ, ನಾನು ಎಲ್ಲರೆದುರು ಸವಾಲು ಹಾಕಿದೆ.

“ಸುಮಾ ಇಲ್ಲಿ ನನ್ನ ಪಕ್ಕ ಸೋಫಾದಲ್ಲಿ ಕೂರಲಿ. ಇಡೀ ಧಾರಾವಾಹಿ. ಆಗಲೂ ಸೌಂಡ್ ಹೋದರೆ ನಾನು ಸೋತೆ.”

ಆಂಟಿ ನಕ್ಕರು. “ಕೂರಲ್ಲಮ್ಮಾ ಅವಳು. ಮಾವನ ಎದುರಿಗೆ ಸೊಸೆ ಹೆಂಗೆ ಕೂರ್ತಾಳೆ? ನಮ್ಮಲ್ಲಿ ಪದ್ಧತಿ ಇಲ್ಲ. ನಮ್ಮತ್ತೆ ಇರೋವರೆಗೂ ನಾನೂ ಬಾಗಿಲಲ್ಲೇ ನಿಂತು ರೇಡಿಯೋ ಕೇಳಿದ್ದು.”

ಸರಿ. ಅವಳು ನನ್ನ ಜಾಗಕ್ಕೆ ಬರುವಂತಿಲ್ಲ. ನಾನು ಅವಳ ಜಾಗಕ್ಕೆ ಹೋಗಬಾರದೆಂದು ಪದ್ಧತಿ ಇದೆಯೇ?

ಕುಕ್ಕರ್ ಕೂಗಿತು. ಸುಮಾ ಒಳಗೆ ಹೋದಳು. ನಾನು ಎದ್ದು ಹೋಗಿ ಅಡುಗೆಮನೆ ಬಾಗಿಲಲ್ಲಿ, ಅವಳು ನಿಲ್ಲುವಲ್ಲೇ, ಕಾಲೊರಸಿನ ಮೇಲೆ ನಿಂತೆ. ಬಾಗಿಲ ಚೌಕಟ್ಟಿಗೆ ಒರಗಿ ಭಾರ ಬದಲಾಯಿಸಿದೆ.

ದನಿ ಹೋಯಿತು.

ಅಭ್ಯಾಸಬಲದಿಂದ ಎಲ್ಲರೂ ತಿರುಗಿದರು. ಕಂಡದ್ದು ನಾನು. ನಾನು ಯಾರ ಸೊಸೆಯೂ ಅಲ್ಲ.

ನಾನು ಬಲಗಾಲು ಎತ್ತಿದೆ. ದೇವರು ಮಾತಾಡಿದ. ಇಟ್ಟೆ. ಮೂಕನಾದ. ಎತ್ತಿದೆ. “ವತ್ಸ...” ಅಂದ. ಇಟ್ಟೆ. ನುಂಗಿಕೊಂಡ. ಸತ್ಯ ಹೇಳುತ್ತೇನೆ, ಇಷ್ಟು ಖುಷಿ ನನಗೆ ಯಾವ ಕಪ್ಪು ಗೆದ್ದಾಗಲೂ ಆಗಿರಲಿಲ್ಲ.

ಕಾಲೊರಸು ಎತ್ತಿದೆ. ಟೀವಿಯಿಂದ ಸ್ಪೀಕರಿಗೆ ಹೋಗುವ ವೈರು ಜಮಖಾನ ಮುಗಿದಲ್ಲಿ ಈ ಬಾಗಿಲ ಮುಂದೆ ಹಾದುಹೋಗಿತ್ತು. ಉದ್ದ ಸಾಲದೆ ಅಲ್ಲೊಂದು ಗಂಟು. ಎರಡು ತುಂಡು ಹೊಸೆದು ಕಪ್ಪು ಟೇಪು ಸುತ್ತಿದ ಗಂಟು. ಟೇಪಿನ ಅಂಟು ಬಿಟ್ಟಿತ್ತು. ಮೇಲೆ ಭಾರ ಬಿದ್ದರೆ ತಂತಿ ಬಿಡುವುದು, ಭಾರ ತೆಗೆದರೆ ಕೂಡುವುದು. ಮೆಕ್ಯಾನಿಕ್ ಗಿಕ್ಯಾನಿಕ್ ಯಾರೂ ಇಲ್ಲದೆ ಅಂಕಲ್ ತಾವೇ ಮಾಡಿದ್ದು.

ಎರಡು ವರ್ಷ ಏನೂ ಆಗಲಿಲ್ಲ ಯಾಕೆ? ಎರಡು ವರ್ಷ ಅಲ್ಲಿ ಯಾರೂ ನಿಂತಿರಲಿಲ್ಲ. ದಾಟಿ ಹೋಗುತ್ತಿದ್ದರು, ಸೋಫಾದಲ್ಲಿ ಕೂರುತ್ತಿದ್ದರು. ಧಾರಾವಾಹಿ ಮುಗಿಯುವ ತನಕ ಆ ಗಂಟಿನ ಮೇಲೆ ನಿಲ್ಲಲೇಬೇಕಾದ ಒಂದು ಜೀವವನ್ನು ಈ ಮನೆ ಈ ಬೇಸಿಗೆಯಲ್ಲಿ ತುಮಕೂರಿನಿಂದ ತಂದಿತ್ತು. ಕಾಗೆ ಕೂತಾಗಲೆಲ್ಲ ಹಣ್ಣು ಬೀಳುತ್ತಿದ್ದರೆ ಕಾಗೆಯ ಜಾತಕ ನೋಡುವುದಲ್ಲ. ಕೊಂಬೆಯನ್ನು ನೋಡಬೇಕು. ಆ ಕೊಂಬೆಯಲ್ಲೇ ಕೂರು ಅಂತ ಕಾಗೆಗೆ ಹೇಳಿದವರು ಯಾರೆಂದು ನೋಡಬೇಕು.

ಈಗ ಎಲ್ಲರೂ ನಾಚಿಕೊಂಡರು, ಸುಮಾಳ ಕ್ಷಮೆ ಕೇಳಿದರು ಅಂದುಕೊಂಡಿರಾ? ನೀವು ತುಂಬ ಒಳ್ಳೆಯವರು.

ಅಂಕಲ್ ಗಂಟನ್ನು ಮೂಸಿ ನೋಡಿ, “ಬಾಂಬೆ ಹವಾ. ಟೇಪೇ ಸರಿಯಿಲ್ಲ ಈಗಿನ ಕಾಲದಲ್ಲಿ,” ಅಂದರು. ಕುಲಕರ್ಣಿಯವರು “ನಾ ಹೇಳಿದ್ದೆ, ಕರೆಂಟಿಂದ ಅಂತ” ಅಂದರು. ಸಾವಂತ್ ಕಾಕು, ಲಿಂಬೆಹಣ್ಣು ಕಟ್ಟಿದ್ದಕ್ಕೇ ಇಷ್ಟರಲ್ಲಿ ಪತ್ತೆಯಾಯಿತೆಂದು ಆಂಟೆನಾಕ್ಕೆ ಕೈಮುಗಿದರು. ಪ್ರಕಾಶ ಪೇಪರಿನಲ್ಲಿ ಮುಖ ಹುದುಗಿಸಿದ. ಮೂರು ಫೇಸಿನ ಮೋಟಾರು ಬಿಚ್ಚುವವನಿಗೆ ಅಪ್ಪನ ಜಮಖಾನ ಎತ್ತುವ ಧೈರ್ಯ ಬಂದಿರಲಿಲ್ಲ.

ಕಮಲಾ ಆಂಟಿ? ಅವರಂತೂ ಗೆದ್ದರು.

“ಹೇಳಿದ್ದೆ ತಾನೆ? ಅವಳು ನಿಂತ್ರೇ ಹೋಗತ್ತೆ ಅಂತ?”



ಎಲ್ಲರೂ ವೈರು ನೋಡುತ್ತಿದ್ದಾಗ ಸುಮಾ ಹಾಲಿನ ಮೂಲೆಗೆ ಹೋಗಿ, ಪೆಟ್ಟಿಗೆ ತೆರೆದು, ಶಾಲನ್ನು ಹೊರಗೆ ತೆಗೆದಳು. ಅದನ್ನು ಮಡಿಸಿ ಬೀರುವಿನಲ್ಲಿಟ್ಟು ಬಂದಳು. ಆಂಟಿ ನೋಡಿದರು. ಬೇಡ ಅನ್ನಲಿಲ್ಲ. ಪ್ರಕಾಶ ಪೇಪರಿನ ಹಿಂದಿನಿಂದಲೇ, ಶ್ರಾವಣದ ಮೊದಲ ವಾರ ರಜೆ ಹಾಕಿ ಕರೆತರುತ್ತೇನೆ ಅಂದ. (ಪೇಪರಿಗೆ ಹೇಳಿದನೋ ಹೆಂಡತಿಗೆ ಹೇಳಿದನೋ, ಅಂತೂ ಹೇಳಿದ.)

ಈ ಭಾನುವಾರ ಮತ್ತೆ ಹೋಗಿದ್ದೆ. ಅವಳು ಊರಿಗೆ ಹೊರಡುವ ಮುಂಚಿನ ಕೊನೆಯ ಭಾನುವಾರ. ಅಂಕಲ್ ಹೊಸ ವೈರು ತಂದಿದ್ದರು. ಗಂಟಿಲ್ಲದ ಒಂದೇ ತುಂಡು. ಯಾರ ಕಾಲಿಗೂ ಸಿಗದಂತೆ ಗೋಡೆಗುಂಟ ಎಳೆದು, ಅಡುಗೆಮನೆ ಬಾಗಿಲ ನೆತ್ತಿಯ ಮೇಲೆ ಹಾಯಿಸಿ, ಉದ್ದಕ್ಕೂ ಕ್ಲಿಪ್ಪು ಹೊಡೆದಿದ್ದರು. ನಿಜಕ್ಕೂ ಚೆಂದದ ಕೆಲಸ. “ನೋಡು, ಇನ್ನು ಅವಳು ಎಷ್ಟು ಹೊತ್ತು ಬೇಕಾದ್ರೂ ಆರಾಮಾಗಿ ನಿಲ್ಲಬಹುದು,” ಅಂದರು.

ಸುಮಾ ನಿಂತಿದ್ದಳು, ವೈರಿನ ಕೆಳಗೆ.

ನಾನು ಸೋಫಾದಲ್ಲಿ ಸರಿದು, ಪಕ್ಕದ ಜಾಗ ತಟ್ಟಿ ಕರೆದೆ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಕಮಲಾ ಆಂಟಿ ಕಟ್ಟುತ್ತಿದ್ದ ಮಲ್ಲಿಗೆ ಹೂವಿನ ಬುಟ್ಟಿಯನ್ನು ಮಡಿಲಿನಿಂದೆತ್ತಿ ಆ ಜಾಗದಲ್ಲಿಟ್ಟರು.

ಹೂವಿನ ಬುಟ್ಟಿ ಸೋಫಾದಲ್ಲಿ ಕೂತು, ಮಾವನವರ ಎದುರಿಗೇ, ಇಡೀ ಧಾರಾವಾಹಿ ನೋಡಿತು.