ಗಾಜಿನ ಮೇಲಿನ ಪುಟ್ಟ ಮೂಗುಗಳು

ಎಂಟು ಗಂಟೆ ಹತ್ತಿರವಾದರೂ ಹಾರ್ಲೆಮ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜನವರಿಯ ಚಳಿ. ಕಾಲುವೆ ದಂಡೆಯ ಪುಟ್ಟ ಮ್ಯೂಸಿಯಂ ಒಂದರ ಹಿಂಬಾಗಿಲಲ್ಲಿ ಪದ್ಮಿನಿ ಸೈಕಲ್ ನಿಲ್ಲಿಸಿ ಅಂಗೈ ಉಜ್ಜಿಕೊಳ್ಳುತ್ತಾರೆ. ಒಳಗೆ ಕಾವಲುಗಾರ ಹೆಂಕ್ ಪದ್ಮಿನಿಯವರಿಗಾಗಿ ಒಂದು ಲೋಟ ಕಾಫಿಯನ್ನು ಹೀಟರಿನ ಮೇಲಿಟ್ಟಿದ್ದಾರೆ, ಆರದಿರಲಿ ಎಂದು. ಕಾಫಿ ದಿನವೂ ಅಲ್ಲಿರುತ್ತದೆ, ತೊಳೆದ ಲೋಟ ದಿನವೂ ಅಲ್ಲಿಗೇ ಮರಳುತ್ತದೆ.

ಇಂದು ಪ್ರದರ್ಶನದ ಕೊನೆಯ ಭಾನುವಾರ. ಸ್ಪೇನಿನ ಮುರ್ಸಿಯಾ ಪ್ರಾಂತ್ಯದಿಂದ ಚಳಿಗಾಲಕ್ಕೆಂದು ಎರವಲು ಬಂದ ಮಣ್ಣಿನ ಗೊಂಬೆಗಳು ಗಾಜಿನ ಪೆಟ್ಟಿಗೆಗಳಲ್ಲಿ ನಿಂತಿವೆ. ಯೇಸು ಹುಟ್ಟಿದ ಕೊಟ್ಟಿಗೆಯ ಸುತ್ತ ಇಡೀ ಒಂದು ಊರು: ಕಾಣಿಕೆ ಹೊತ್ತು ಬಂದ ಮೂವರು ರಾಜರು, ಕುರಿ ಕಾಯುವವರು, ರೊಟ್ಟಿ ಸುಡುವವರು, ಕೋಳಿಗೆ ಕಾಳು ಹಾಕುವ ಒಬ್ಬ ಅಜ್ಜಿ. ಪದ್ಮಿನಿ ಹತ್ತಿಬಟ್ಟೆ ಹಿಡಿದು ಗಾಜನ್ನು ಮೇಲಿನಿಂದ ಒರೆಸುತ್ತಾ ಬರುತ್ತಾರೆ. ಕೆಳಗಿನ ಅಂಚಿಗೆ ಬಂದಾಗ ಕೈ ನಿಧಾನವಾಗುತ್ತದೆ. ಅಲ್ಲಿ ಸಾಲಾಗಿ ಮಂಜುಮಂಜಾದ ಗುರುತುಗಳು.

"ಮಕ್ಕಳ ಮೂಗು, ಅಮ್ಮ," ಎಂದು ನನ್ನತ್ತ ತಿರುಗಿ ನಗುತ್ತಾರೆ. "ಒತ್ತಿ ಒತ್ತಿ ನೋಡಿರ್ತಾವೆ. ರಾಜರ ಮುಂದೆ ಅಷ್ಟಿಲ್ಲ ನೋಡಿ. ಎಲ್ಲಾ ಈ ಕೋಳಿ ಅಜ್ಜಿ ಮುಂದೇನೇ. ಇದನ್ನ ಯಾವಾಗ್ಲೂ ಲಾಸ್ಟ್ ಒರೆಸ್ತೀನಿ."

ಮೈಸೂರಿನ ನಜರಬಾದಿನವರಾದ ಪದ್ಮಿನಿ ಅಲ್ಲಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಪತಿ ಕೇಶವ ಅವರಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಲಸ ಸಿಕ್ಕಿದಾಗ ಪುಟ್ಟ ಮಗಳೊಂದಿಗೆ ಇಲ್ಲಿಗೆ ಬಂದರು. ಡಚ್ ಭಾಷೆ ಬಾರದೆ ಯಾವ ಶಾಲೆಯ ಬಾಗಿಲೂ ತೆರೆಯಲಿಲ್ಲ. ಮೊದಮೊದಲು ಕಚೇರಿಗಳ ನೆಲ ಒರೆಸಿದರು. ಒಂದು ಚಳಿಗಾಲ ಮಂಜುಗಡ್ಡೆಯ ಮೇಲೆ ಸೈಕಲ್ ಜಾರಿ ಮಣಿಕಟ್ಟು ಮುರಿಯಿತು. ಇಂದಿಗೂ ನೀರಿನ ಬಕೆಟ್ ಎತ್ತುವುದು ಎಡಗೈಯಲ್ಲೇ.

ಮೈಸೂರಿನಲ್ಲಿರುವ ಅತ್ತೆ ಲೀಲಮ್ಮನವರಿಗೆ ಸೊಸೆಯ ಕೆಲಸ ಗೊತ್ತು. "ಅವರು ನೆಂಟರಿಗೆಲ್ಲ 'ನಮ್ಮ ಸೊಸೆ ಮ್ಯೂಸಿಯಂನಲ್ಲಿದಾಳೆ' ಅಂತ ಹೇಳಿದಾರೆ. ಅಲ್ಲೇನ್ ಮಾಡ್ತಾಳೆ ಅಂತ ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ," ಎಂದು ಪದ್ಮಿನಿ ಕಣ್ಣು ಮಿಟುಕಿಸುತ್ತಾರೆ. "ಫೋನಿನಲ್ಲಿ ಮಾತ್ರ ಮೊದಲು ಕೇಳೋದು, 'ಕೈ ನೋವು ಹೇಗಿದೆಯೇ?' ಅಂತ."

ಈ ಬಾರಿಯ ಪ್ರದರ್ಶನದಲ್ಲಿ ಮೊದಲ ಸಲ ಪೆಟ್ಟಿಗೆಗಳ ಬೀಗದ ಕೈ ಪದ್ಮಿನಿಯವರ ಸೊಂಟಕ್ಕೆ ಬಂದಿದೆ. ಸಂಗ್ರಹವನ್ನು ನೋಡಿಕೊಳ್ಳುವ ಮರೈಕೆ ಎಂಬಾಕೆ ತರಬೇತಿ ಕೊಟ್ಟು, ಒಳಗಿನ ಧೂಳನ್ನು ಮೃದು ಕುಂಚದಿಂದ ತೆಗೆಯುವ ಕೆಲಸ ವಹಿಸಿದ್ದಾರೆ. ಪದ್ಮಿನಿಯವರ ಕರಾರು ಮಾರ್ಚಿಗೆ ಮುಗಿಯುತ್ತದೆ. ವಾಪಸು ಕಳಿಸಲು ಗೊಂಬೆಗಳನ್ನು ಮರದ ಪೆಟ್ಟಿಗೆಗೆ ತುಂಬುವ ಕೆಲಸ ಚೆನ್ನಾಗಿ ನಡೆದರೆ ಕಾಯಂ ಮಾಡುವುದಾಗಿ ಮರೈಕೆ ಹೇಳಿದ್ದಾರೆ. ಮನೆಯಲ್ಲಿ ಅದನ್ನು ಯಾರೂ ಜೋರಾಗಿ ಆಡುವುದಿಲ್ಲ, ದೃಷ್ಟಿಯಾದೀತೆಂದು.

ಆ ಸಂಜೆ ಬಾಗಿಲು ಮುಚ್ಚಿದ ಮೇಲೆ ಪದ್ಮಿನಿ ಒಂದು ಕೆಲಸ ಮಾಡಿಬಿಡುತ್ತಾರೆ. ಕೈಗವಸು ತೊಟ್ಟು, ಬೀಗ ತೆಗೆದು, ಕೋಳಿ ಅಜ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು, ಪೆಟ್ಟಿಗೆಯ ತಳಕ್ಕೆ ಹಾಸಿದ ಬಟ್ಟೆಯ ಮೇಲೆ ಮಲಗಿಸುತ್ತಾರೆ. ಬೀಗ ಹಾಕಿ ಮನೆಗೆ ಹೋಗುತ್ತಾರೆ.

ಸೋಮವಾರ ಬೆಳಿಗ್ಗೆ ಮ್ಯೂಸಿಯಂ ಅಲ್ಲೋಲಕಲ್ಲೋಲ. ಗೊಂಬೆಗಳನ್ನು ಒಯ್ಯಲು ಮುರ್ಸಿಯಾದಿಂದ ಬಂದಿರುವ ಪಿಲಾರ್ ಟಾರ್ಚ್ ಹಿಡಿದು ಬಗ್ಗಿದ್ದಾರೆ. ಮರೈಕೆ ಫೋನಿನಲ್ಲಿದ್ದಾರೆ. ಬೀದಿಯಲ್ಲಿ ಬಸ್ಸು ಹೋದ ಅದುರಿಗೆ ಗೊಂಬೆ ಬಿದ್ದಿರಬೇಕೆಂದು ಯಾರೋ ಹೇಳಿದ್ದಾರೆ, ಎಲ್ಲರೂ ನಂಬಿದ್ದಾರೆ. ಪದ್ಮಿನಿ ಸುಮ್ಮನಿದ್ದರೆ ಅಲ್ಲಿಗೇ ಮುಗಿಯಿತು.

"ಬಸ್ಸಲ್ಲ. ನಾನೇ ಮಲಗಿಸಿದ್ದು," ಎನ್ನುತ್ತಾರೆ ಪದ್ಮಿನಿ, ತಮ್ಮ ಒಡ್ಡೊಡ್ಡಾದ ಡಚ್ಚಿನಲ್ಲಿ.

ಯಾಕೆ ಎಂದು ಕೇಳಿದವರಿಗೆ ಕೊಟ್ಟ ಉತ್ತರವನ್ನು ಆಮೇಲೆ ನನಗೆ ಕನ್ನಡದಲ್ಲಿ ಹೇಳುತ್ತಾರೆ. "ನಮ್ಮನೇಲಿ ದಸರಾಕ್ಕೆ ಗೊಂಬೆ ಕೂರಿಸ್ತೀವಲ್ಲ, ವಿಜಯದಶಮಿ ರಾತ್ರಿ ಒಂದು ಗೊಂಬೆನಾದ್ರೂ ಮಲಗಿಸ್ಬೇಕು. ಅಷ್ಟು ದಿನ ನಿಂತಿರ್ತಾವೆ, ಪಾಪ. ಆಮೇಲೇ ಎತ್ತಿಡೋದು. ನಂಗೆ ಅದು ತಪ್ಪು ಅಂತ ಹೊಳೀಲೇ ಇಲ್ಲ. ಕೈ ತಾನಾಗೇ ಹೋಯ್ತು. ಅಷ್ಟನ್ನೂ ಅವರ ಭಾಷೇಲಿ ಹೇಳೋಷ್ಟೊತ್ತಿಗೆ ಬೆವರಿಬಿಟ್ಟೆ."

ಮರೈಕೆ ಫೋನ್ ಕೆಳಗಿಟ್ಟು ಕೈ ಚಾಚುತ್ತಾರೆ. ಪದ್ಮಿನಿ ಬೀಗದ ಕೈ ಬಿಚ್ಚಿ ಕೊಡುತ್ತಾರೆ.

ಮುಂದಿನ ದಿನಗಳಲ್ಲಿ ಅವರದು ನೆಲ ಒರೆಸುವ ಕೆಲಸವಷ್ಟೇ. ಪಕ್ಕದ ಕೋಣೆಯಲ್ಲಿ ಪಿಲಾರ್ ಗೊಂಬೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಮನೆಯಲ್ಲಿ ಹನ್ನೊಂದರ ಮಗಳು ಧನುಶ್ರೀ, ಯಾವಾಗಲೂ ಡಚ್ಚಿನಲ್ಲೇ ಉತ್ತರಿಸುವವಳು, ಊಟದ ಹೊತ್ತಿಗೆ ಕನ್ನಡದಲ್ಲಿ ಕೇಳುತ್ತಾಳೆ, "ಅಮ್ಮಾ, ನೀನು ಯಾಕೆ ಸುಮ್ನೆ ಇರ್ಲಿಲ್ಲ?"

"ಸುಮ್ನೆ ಇದ್ದಿದ್ರೆ ಆ ಬಸ್ ಡ್ರೈವರ್ ಪಾಪ ಏನ್ ಮಾಡಿದ್ದ?"

ಹೆಂಕ್ ಇಡುವ ಕಾಫಿ ಮಾತ್ರ ಹೀಟರಿನ ಮೇಲೆ ಹಾಗೇ ಇರುತ್ತದೆ. ಈಗ ಪಕ್ಕದಲ್ಲೊಂದು ಬಿಸ್ಕತ್ತು.

ಗುರುವಾರ ಬೆಳಿಗ್ಗೆ ಮರೈಕೆ ಬಕೆಟ್ಟಿನ ಬಳಿಗೇ ಬರುತ್ತಾರೆ. ಅಜ್ಜಿಗೆ ಏನೂ ಆಗಿಲ್ಲ ಎನ್ನುತ್ತಾರೆ. ಆದರೆ ಇನ್ನು ಮೇಲೆ ಕೇಳದೆ ಯಾವುದನ್ನೂ ಮುಟ್ಟಬಾರದು. ಪದ್ಮಿನಿ ತಲೆಯಾಡಿಸುತ್ತಾರೆ. "ನೀವು ಹೇಳದಿದ್ದರೆ ನಾವು ಬಸ್ಸನ್ನು ಬೈದುಕೊಂಡು ಇರುತ್ತಿದ್ದೆವು," ಎನ್ನುವ ಮರೈಕೆ, ಬೀಗದ ಕೈಯನ್ನು ಒದ್ದೆ ಕೈಗೆ ಕೊಡದೆ, ಪದ್ಮಿನಿ ಸೆರಗಿಲ್ಲದೆ ಅಂಗಿಗೇ ಕೈ ಒರೆಸಿಕೊಳ್ಳುವವರೆಗೆ ಕಾಯುತ್ತಾರೆ. "ಏಪ್ರಿಲ್‌ನಲ್ಲೂ ಇದು ನಿಮ್ಮ ಹತ್ತಿರವೇ ಇರಲಿ."

ಒಳಗೆ ಮರದ ಪೆಟ್ಟಿಗೆಗಳು ಬಾಯಿ ತೆರೆದು ಕಾದಿವೆ. ಪಿಲಾರ್ ಕುರಿಗಾಹಿಯನ್ನು ಎತ್ತಿಕೊಂಡವರು ಕೆಳಗಿಟ್ಟು, ಪದ್ಮಿನಿಯವರ ಕಡೆ ತಿರುಗಿ ತಡವರಿಸುವ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಮೊದಲು ಯಾರನ್ನು ಮಲಗಿಸೋಣ ಎಂದು. ಪದ್ಮಿನಿ ಅಜ್ಜಿಯತ್ತ ಬೆರಳು ತೋರುತ್ತಾರೆ. ಮರೈಕೆಯೂ ನಗುತ್ತಾರೆ.

ಕೆಲಸದ ನಡುವೆ ಪಿಲಾರ್ ತಮ್ಮ ಸೀಮೆಯ ಕಥೆ ಹೇಳುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋದರೆ ನೋಡುವುದಕ್ಕೆ ಎಷ್ಟಿದೆ! ತೋಟಗಳಿಗೆ ನೀರೆತ್ತುತ್ತಿದ್ದ ದೊಡ್ಡ ಚಕ್ರ, ಕಾರ್ತಹೇನಾ ಪಟ್ಟಣದಲ್ಲಿ ನೆಲದಡಿಯಿಂದ ಎದ್ದುಬಂದ ರೋಮನ್ನರ ರಂಗಮಂದಿರ, ಗುಡ್ಡದ ಮೇಲಿನ ಕೋಟೆಗಳು, ಮತ್ತೆ ಈ ಗೊಂಬೆಗಳ ಸ್ವಂತ ಮ್ಯೂಸಿಯಂ. ಕೋಳಿ ಅಜ್ಜಿಯ ಜಾಗ ಅಲ್ಲಿ ಕಿಟಕಿಯ ಪಕ್ಕವಂತೆ.

ಹೋಗುವ ಆಸೆ ಇದೆಯೇ ಎಂದು ನಾನು ಕೇಳಿದರೆ ಪದ್ಮಿನಿ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕುತ್ತಾರೆ.

"ಇದೆ, ಅಮ್ಮ. ಧನುನ ಕರ್ಕೊಂಡು, ಟಿಕೆಟ್ ತಗೊಂಡು, ಮುಂಬಾಗಿಲಿಂದ ಒಳಗೆ ಹೋಗ್ಬೇಕು. ಅವಳು ಅಜ್ಜಿ ಮುಂದೆ ಗಾಜಿಗೆ ಮೂಗು ಒತ್ತಿ ನೋಡ್ಲಿ. ನಾನು ಒರೆಸಲ್ಲ. ಬೆಳಿಗ್ಗೆ ಅಲ್ಲೂ ಯಾರೋ ಒಬ್ಬರು ಬರ್ತಾರಲ್ಲ, ಅವರು ನೋಡ್ಲಿ."